ಎಲ್‌ಇಡಿ ಪಾರ್ ಹಾಕಿದ ಮೇಲೆ ವೇಷದ ಮುಖ ಕಳೆಗುಂದುತ್ತಿದೆ, ಏನು ಮಾಡಲಿ?

ಕುಮಟಾ ಹವ್ಯಾಸಿ:
ನಮ್ಮದು ಹವ್ಯಾಸಿ ತಂಡ. ಯಕ್ಷಗಾನ, ನಾಟಕ ಎರಡೂ ಮಾಡುತ್ತೇವೆ. ಹಳೆಯ ಸಾವಿರ ವ್ಯಾಟಿನ ಹ್ಯಾಲೊಜೆನ್ ತೆಗೆದು ಎಂಟು ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಎಲ್‌ಇಡಿ ಪಾರ್ ತಂದೆವು, ಅಂದರೆ ರಂಗಕ್ಕೆ ಬಳಸುವ ಡಬ್ಬಿಯಂಥ ದೀಪ. ಸೆಕೆ ಕಡಿಮೆಯಾಯಿತು, ಅದು ಖರೆ. ಆದರೆ ಬಿಳಿ ಬೆಳಕು ಕೊಟ್ಟರೆ ಮುಖ ಬೂದಿ ಬಳಿದ ಹಾಗೆ ಕಾಣುತ್ತದೆ. ಬೆಳಕು ತಗ್ಗಿಸಿದರೆ ಮಿಣಮಿಣ. ಮೊಬೈಲ್ ವಿಡಿಯೊದಲ್ಲಿ ಕಪ್ಪು ಪಟ್ಟಿ ಬೇರೆ ಓಡುತ್ತವೆ. ಇನ್ನೂ ಜಾಸ್ತಿ ವ್ಯಾಟಿನದ್ದು ತರಬೇಕಾ?

ಶಿರಸಿ ಲೈಟಿನವ:
ವ್ಯಾಟಿನ ಸುದ್ದಿ ಬಿಡಿ ಮಾರಾಯ್ರೆ. ಕೆಂಪು, ಹಸಿರು, ನೀಲಿ ಕೂಡಿಸಿದ ಬಿಳಿ ನೋಡಲು ಬಿಳಿಯೇ. ಆದರೆ ಅದರಲ್ಲಿ ಹಳದಿ, ಕಿತ್ತಳೆ ತೀರಾ ಕಡಿಮೆ. ವೇಷದವರ ಮುಖದ ಬಣ್ಣ ಇರುವುದೇ ಅಲ್ಲಿ. ಬೆಳಕಿನಲ್ಲೇ ಇಲ್ಲದ್ದನ್ನು ಮುಖ ಎಲ್ಲಿಂದ ತೋರಿಸಬೇಕು?

ಎದುರಿನ ಬೆಳಕಿಗೆ ವಾರ್ಮ್ ವೈಟ್ (ಹಳದಿ ಛಾಯೆಯ ಬಿಳಿ) ಪಾರ್ ಅಥವಾ ಫ್ರೆನೆಲ್ (ಮಸೂರವಿದ್ದು ಅಂಚು ಮೃದುವಾದ ಬೆಳಕು ಕೊಡುವ ದೀಪ) ತನ್ನಿ. ಬೆಳಕಿನ ಛಾಯೆ 3200 ಕೆಲ್ವಿನ್ ಆಸುಪಾಸು, ಸಿಆರ್‌ಐ (ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎನ್ನುವ ಅಂಕ) 90ರ ಮೇಲೆ. ಆರ್9 ಎಷ್ಟು ಅಂತಲೂ ಕೇಳಿ. ಸಿಆರ್‌ಐ ಅಂದರೆ ಎಂಟು ತಿಳಿಬಣ್ಣಗಳ ಸರಾಸರಿ, ಕಡುಗೆಂಪು ಅದರಲ್ಲಿ ಬರುವುದಿಲ್ಲ. ಕಡುಗೆಂಪಿನ ಅಂಕವೇ ಆರ್9, ಅದಕ್ಕೇ ಕೇಳುವುದು. ನಮ್ಮ ವೇಷಗಳಲ್ಲಿ ಕೆಂಪು ಎಷ್ಟಿದೆ ನೀವೇ ನೋಡಿ. ಈಗಿರುವ ಆರ್‌ಜಿಬಿ ಹಿಂದಿನ ಪರದೆಗೆ, ಪಕ್ಕಕ್ಕೆ ಇರಲಿ. (ಪದ್ಯಕ್ಕೊಂದು ಬಣ್ಣ ಬದಲಿಸುವ ಚಟ ನನಗಂತೂ ಸೇರುವುದಿಲ್ಲ.)

ಇನ್ನೊಂದು. ನಾಟಕಕ್ಕೆ ಎದುರಿನ ಬೆಳಕನ್ನು ಮೇಲಿನಿಂದ 45 ಡಿಗ್ರಿ ಕೋನದಲ್ಲಿ ಕೊಡಿ ಅನ್ನುತ್ತಾರೆ, ಯಕ್ಷಗಾನಕ್ಕೆ ಅದು ಎತ್ತರವಾಯಿತು. ಕಿರೀಟದ ನೆರಳು ಕಣ್ಣಿಗೆ ಬೀಳುತ್ತದೆ. ಎದುರಿನ ಎರಡೂ ಬದಿಯಿಂದ ಸ್ವಲ್ಪ ತಗ್ಗಿನಲ್ಲಿ ಕೊಡಿ.

ಅಂದಹಾಗೆ, ಹ್ಯಾಲೊಜೆನ್ ಕಾಲದ ಡಿಮ್ಮರ್‌ನಿಂದಲೇ ಪಾರ್‌ಗಳಿಗೆ ಕರೆಂಟ್ ಕೊಟ್ಟಿದ್ದೀರಾ?

ಕುಮಟಾ ಹವ್ಯಾಸಿ:
ಹೌದು, ಇದ್ದದ್ದನ್ನೇ ಇಟ್ಟುಕೊಂಡಿದ್ದೇವೆ.

ಶಿರಸಿ ಲೈಟಿನವ:
ಮೊದಲು ಅದನ್ನು ತೆಗೆಯಿರಿ. ಡಿಮ್ಮರ್ ಕರೆಂಟಿನ ಅಲೆಯನ್ನೇ ಕತ್ತರಿಸಿ ಕೊಡುತ್ತದೆ. ಪಾರ್ ಒಳಗಿನ ಪವರ್ ಸಪ್ಲೈಗೆ ಅದು ಆಗದು, ಸುಟ್ಟರೂ ಸುಟ್ಟೀತು. ಕರೆಂಟ್ ನೇರ ಕೊಟ್ಟು, ಏರಿಸುವುದು ಇಳಿಸುವುದು ಡಿಎಂಎಕ್ಸ್‌ನಲ್ಲಿ (ದೀಪಗಳಿಗೆ ಬೇರೆ ಕೇಬಲ್‌ನಲ್ಲಿ ಆದೇಶ ಕಳಿಸುವ ವ್ಯವಸ್ಥೆ) ಮಾಡಿ. ಆ ಕೇಬಲ್ ಸಾಲಿನ ಕೊನೆಯ ಲೈಟಿಗೆ 120 ಓಮ್ ಟರ್ಮಿನೇಟರ್ (ಸಂಕೇತ ತಿರುಗಿ ಬಾರದಂತೆ ತಡೆಯುವ ಪ್ಲಗ್) ಹಾಕಿ.

ಪಟ್ಟಿಯ ಕಾರಣ ಬೇರೆ. ಎಲ್‌ಇಡಿ ಮಂದವಾಗುವುದು ಕಣ್ಣಿಗೆ ಗೊತ್ತಾಗದಷ್ಟು ಬೇಗ ಹತ್ತಿ ಆರಿ. ಕ್ಯಾಮೆರಾಗೆ ಅದು ಗೊತ್ತಾಗುತ್ತದೆ. ಪಾರ್‌ನ ಮೆನುವಿನಲ್ಲಿ ಪಿಡಬ್ಲ್ಯುಎಂ ಫ್ರೀಕ್ವೆನ್ಸಿ (ಹೀಗೆ ಹತ್ತಿ ಆರುವ ವೇಗ) ಇದ್ದರೆ ಏರಿಸಿ. ಹೊಸದು ಕೊಳ್ಳುವಾಗ ಅಂಗಡಿಯಲ್ಲೇ ಪೂರ್ತಿ ತಗ್ಗಿಸಿ, ಮೊಬೈಲಲ್ಲಿ ನೋಡಿ.

ಕಾರವಾರ ಕಡಲಬದಿ:
ಬಯಲಾಟಕ್ಕೆ ಒಯ್ಯುವವರಾದರೆ ಐಪಿ65 (ಧೂಳು, ನೀರಿನ ಎರಚಲು ಒಳಗೆ ಬಿಡದ್ದು) ಇರುವ, ಫ್ಯಾನ್ ಇಲ್ಲದ್ದು ನೋಡಿ. ಫ್ಯಾನ್ ಇದ್ದರೆ ಉಪ್ಪುಗಾಳಿಯನ್ನು ಒಳಗೆ ಎಳೆಯುತ್ತದೆ, ಬೋರ್ಡಿಗೆ ತುಕ್ಕು. ತಾಳಮದ್ದಲೆಯಲ್ಲಿ ಅದರ ಗುಂಯ್ ಸದ್ದೂ ಕಿರಿಕಿರಿ. ಮಳೆಗಾಲದಲ್ಲಿ ಪೆಟ್ಟಿಗೆಯಲ್ಲಿ ಸುಮ್ನೆ ಇಡಬೇಡಿ, ಆಗಾಗ ಹೊರತೆಗೆದು ಉರಿಸಿ.

ಕುಮಟಾ ಹವ್ಯಾಸಿ:
ಕರೆಂಟ್ ನೇರ ಕೊಟ್ಟೆವು, ಮಿಣಮಿಣ ನಿಂತಿತು. ಪಟ್ಟಿ ಹೋಗಿಲ್ಲ, ನಮ್ಮ ಪಾರ್‌ನ ಮೆನುವಿನಲ್ಲಿ ಆ ಆಯ್ಕೆಯೇ ಇಲ್ಲ. ವಾರ್ಮ್ ವೈಟ್ ಎರಡು ಬಾಡಿಗೆಗೆ ತಂದು, ವೇಷ ಕಟ್ಟಿಸಿಯೇ ನೋಡುತ್ತೇವೆ.

ಶಿರಸಿ ಲೈಟಿನವ:
ಅಲ್ಲಿವರೆಗೆ ಕ್ಯಾಮೆರಾದ ಶಟರ್ ವೇಗ 1/50 ಸೆಕೆಂಡಿಗೆ ಇಳಿಸಿ. ಪಟ್ಟಿ ಪೂರ್ತಿ ಹೋಗದಿದ್ದರೂ ಕಡಿಮೆಯಾದೀತು.