ಸಹಾಯ ಬೇಕು: ಧಾರವಾಡ ಸುತ್ತ ಕುದುರೆ ಇಡಾಕ ಬಾಡಿಗೆ ಲಾಯ

ನಮಸ್ಕಾರ್ರಿ. ಭಾಳ ವರ್ಷದ ಮ್ಯಾಲೆ ಮತ್ತ ಕುದುರೆ ತಗೊಳ್ಳೋದೈತಿ: ಮಾರ್ವಾಡಿ ತಳಿ, ಹೆಣ್ಣು, ಸುಮಾರು 350 ಕೆಜಿ. ಹುಬ್ಬಳ್ಳಿ-ಧಾರವಾಡದಿಂದ 15 ಕಿಮೀ ಒಳಗ ಜಾಗ ಗೊತ್ತಿದ್ರ ಹೇಳ್ರಿ.

12 ಅಡಿಗೆ 12 ಅಡಿ ಕೋಣೆ, ಗಾಳಿ ಆಡಬೇಕು. ಆದ್ರ ಮೊದಲು ನೋಡೋದು ನೆಲ. ನವಲಗುಂದ, ಅಣ್ಣಿಗೇರಿ ಕಡೆ ಎರಿ ಹೊಲ ಮಳಿಗಾಲದಾಗ ಕಾಲು ಹಿಡೀತದ. ಲಾಳ ಕಿತ್ತು ಬರ್ತಾವ, ಸದಾ ಹಸಿಯಾಗಿ ಗೊರಸಿನ ತಳ ಕೊಳತು ನಾರ್ತದ. ಕಲಘಟಗಿ ರಸ್ತೆ ಕಡೆ ನೀರು ಇಂಗೋ ಕೆಂಪು ಮಣ್ಣಿನ ಜಾಗ ಸಿಕ್ರ ಚಲೋ, ದಿನಾ ಬಿಟ್ಟು ಅಡ್ಡಾಡಿಸಾಕ ಅರ್ಧ ಎಕರೆ ಬೇಲಿನೂ ಬೇಕು. ಮುಳ್ಳುತಂತಿ ಬ್ಯಾಡ್ರಿ.

ದಿನಕ್ಕ 7 ಕೆಜಿ ಒಣಮೇವು, ಮೂರ್ನಾಲ್ಕು ಸಲ ಹಂಚಿ ಹಾಕಬೇಕು. ನೀರು 30 ಲೀಟರಿಗೆ ಕಡಿಮಿಲ್ಲ. ಎಳೆ ಜ್ವಾಳದ ಹಸಿಮೇವು ವಿಷ. ಬೂಸ್ಟು ಹಿಡಿದ ಹೊಟ್ಟು ಹಾಕಿದ್ರ ಹೊಟ್ಟಿಶೂಲಿ ಗ್ಯಾರಂಟಿ. ಕೋಳಿ ಫೀಡಿನ ಚೀಲ ಕುದುರೆ ಮೇವಿಡೋ ಕೋಣೆಯೊಳಗಿದ್ರ ಬ್ಯಾಡೇ ಬ್ಯಾಡ: ಅದರಾಗ ಕೋಳಿ ರೋಗಕ್ಕ ಹಾಕೋ ಮೊನೆನ್ಸಿನ್ ಔಷಧಿ ಇದ್ರ ಕುದುರೆ ಜೀವಕ್ಕ ಕುತ್ತು.

ಬಾಡಿಗೆಯೊಳಗ ಮೇವು, ಸಗಣಿ ಬಳಿಯೋದು, ರಾತ್ರಿ ಕಾವಲು ಸೇರ್ತಾವೇನು? ಆರು ವಾರಕ್ಕೊಮ್ಮೆ ಬಂದು ಲಾಳ ಬಡಿಯೋರು ಸುತ್ತಮುತ್ತ ಯಾರರ ಅದಾರೇನ್ರಿ?