ಅಪ್ಪಯ್ಯನ ಕ್ಯಾಸೆಟ್‌ಗೆ 4ಕೆ ಬೇಕಾ?

(ನಮ್ಮ ಮನೆಯವರ ಗ್ರೂಪಿನ ಮಾತುಕತೆ. ಅಪ್ಪಯ್ಯ ಅಂದರೆ ನನ್ನ ಅಜ್ಜ.)

ಸಾಗರದ ಅತ್ತೆ: (ಫಾರ್ವರ್ಡ್) 'ಹಳೆ ವಿಡಿಯೋ ಕ್ಯಾಸೆಟ್ ಈಗ 4ಕೆ ಕ್ವಾಲಿಟಿಯಲ್ಲಿ! ಈ ವರ್ಷವೇ ಮಾಡಿಸದಿದ್ದರೆ ಎಲ್ಲಾ ಅಳಿಸಿಹೋಗುತ್ತದೆ. ಹತ್ತು ಜನರಿಗೆ ಕಳಿಸಿ.'
ನೋಡಿ, ಅಪ್ಪಯ್ಯನ ಷಷ್ಟ್ಯಬ್ದಿ ಕ್ಯಾಸೆಟ್ ಹಾಳಾಗುತ್ತದೆ ಅಂತ ನಾನು ಹೇಳುತ್ತಲೇ ಇದ್ದೆ.

ದೊಡ್ಡಪ್ಪ: ಹಿರಿಯರ ನೆನಪು ಕಾಪಾಡುವುದು ಮಕ್ಕಳ ಕರ್ತವ್ಯ. ಖರ್ಚು ನೋಡಬಾರದು. 4ಕೆಯಲ್ಲೇ ಮಾಡಿಸಿ.

ನಾನು: ಈ ವರ್ಷವೇ ಅಳಿಸಿಹೋಗುತ್ತದೆ ಅಂತ ಯಾರು ಹೇಳಿದ್ದು ಅತ್ತೆ? ಅದು ಅಂಗಡಿಯವರ ಜಾಹೀರಾತು. 4ಕೆ ಚಿತ್ರದ ಅಗಲಕ್ಕೆ ಸುಮಾರು 4000 ಚುಕ್ಕೆ ಬೇಕು. ವಿಎಚ್‌ಎಸ್‌ನಲ್ಲಿ (ಆ ಹಳೆ ಕ್ಯಾಸೆಟ್ ಬಗೆ) ಅಷ್ಟು ವಿವರವೇ ಇರುವುದಿಲ್ಲ. ನಮ್ಮ ದೇಶದ ಹಳೆ ಟಿವಿಯ ಪಾಲ್ ಪದ್ಧತಿಯಲ್ಲಿ ಚಿತ್ರಕ್ಕೆ 576 ಗೆರೆ. ಅಡ್ಡಲಾಗಿ ಟೇಪ್ ಹಿಡಿಯುವ ವಿವರ ಸುಮಾರು 240 ಗೆರೆಯಷ್ಟೇ. 720×576ರಲ್ಲಿ ತೆಗೆದರೆ ಸಾಕು. 4ಕೆ ಅಂದರೆ ಅದೇ ಚಿತ್ರವನ್ನು ಸುಮ್ನೆ ಹಿಗ್ಗಿಸುವುದು.

ಭಾವ: ಆಗ ವಿಸಿಆರ್ ಬಾಡಿಗೆಗೆ ತಂದು ರಾತ್ರಿಯಿಡೀ ಸಿನಿಮಾ ನೋಡುತ್ತಿದ್ದೆವಲ್ಲ! ಜಗಲಿ ತುಂಬ ಜನ. ಕರೆಂಟು ಹೋದರೆ ಕ್ಯಾಸೆಟ್ ಒಳಗೇ ಸಿಕ್ಕಿಕೊಳ್ಳುತ್ತಿತ್ತು.

ಚಿಕ್ಕಪ್ಪ: ಷಷ್ಟ್ಯಬ್ದಿ ಕ್ಯಾಸೆಟ್ ಮೇಲೆ ಕ್ರಿಕೆಟ್ ರೆಕಾರ್ಡ್ ಮಾಡಿದ್ದು ಯಾರು ಅಂತಲೂ ಹೇಳಪ್ಪ.

ಸಾಗರದ ಅತ್ತೆ: ಕೊನೆಯ ಕಾಲು ಗಂಟೆ ಹೋಯಿತು ಅಷ್ಟೇ. ನಿನ್ನ ಅಟ್ಟದಲ್ಲಿ ಇಟ್ಟು ಬೂಸ್ಟು ಹಿಡಿಸಿದ್ದು ಯಾರು?

ನಾನು: ಬೂಸ್ಟು ಹಿಡಿದಿದ್ದರೆ ವಿಸಿಆರ್‌ಗೆ ಹಾಕಲೇಬೇಡಿ. ಟೇಪ್ ಓದುವ ಹೆಡ್‌ಗೆ ಅಂಟುತ್ತದೆ, ಬೇರೆ ಕ್ಯಾಸೆಟ್‌ಗೂ ಹರಡುತ್ತದೆ. ಮೊದಲು ಕ್ಲೀನ್ ಮಾಡಿಸಬೇಕು.

ಅಕ್ಕ: ಇಲ್ಲಿ ಅಂಗಡಿಯವನು 2 ಎಂಬಿಪಿಎಸ್ ಬಿಟ್‌ರೇಟ್ (ಸೆಕೆಂಡಿಗೆ 2 ಮೆಗಾಬಿಟ್ ಮಾಹಿತಿ) ಸಾಕು ಅಂದ. ಪೆನ್‌ಡ್ರೈವ್‌ನಲ್ಲಿ ಜಾಸ್ತಿ ಹಿಡಿಯುತ್ತದಂತೆ.

ನಾನು: ಬೇಡ ಅಕ್ಕಾ. ಹಳೆ ಟೇಪಿನಲ್ಲಿ ಚುಕ್ಕೆ ಚುಕ್ಕೆ ಗಲೀಜು ಇರುತ್ತದೆ, ಬಿಟ್‌ರೇಟ್ ಎಲ್ಲಾ ಅದೇ ತಿಂದುಬಿಡುತ್ತದೆ. ಕಡಿಮೆ ಇಟ್ಟರೆ ಮುಖಗಳು ಚೌಕ ಚೌಕ ಆಗುತ್ತವೆ. ಮೂಲ ಪ್ರತಿಯನ್ನು ಹೆಚ್ಚು ಕುಗ್ಗಿಸದ ಡಿವಿ ಫಾರ್ಮ್ಯಾಟಿನಲ್ಲಿ ತೆಗೆಸೋಣ, ಗಂಟೆಗೆ ಸುಮಾರು 13 ಜಿಬಿ. ಹಂಚುವುದಕ್ಕೆ ಹೆಚ್ಚು ಕುಗ್ಗಿಸುವ ಎಚ್.264 ಫಾರ್ಮ್ಯಾಟಿನಲ್ಲಿ 8 ಎಂಬಿಪಿಎಸ್, ಗಂಟೆಗೆ 3.6 ಜಿಬಿ. ಆ ಪ್ರತಿಯನ್ನು 50 ಫ್ರೇಮ್‌ಗೆ ಡಿಇಂಟರ್ಲೇಸ್ ಮಾಡಿಸಬೇಕು, ಅಂದರೆ ಟೇಪಿನ ಗೆರೆ ಬಿಟ್ಟು ಗೆರೆ ಇರುವ ಅರ್ಧ ಚಿತ್ರಗಳನ್ನು ಸೆಕೆಂಡಿಗೆ 50 ಪೂರ್ತಿ ಚಿತ್ರ ಮಾಡಿಸಬೇಕು. ಇಲ್ಲದಿದ್ದರೆ ಯಾರಾದರೂ ಕೈ ಆಡಿಸಿದಾಗ ಬಾಚಣಿಗೆ ಹಲ್ಲಿನಂಥ ಗೆರೆ ಕಾಣುತ್ತದೆ.

ದೊಡ್ಡಪ್ಪ: ನಿನ್ನನ್ನು ಓದಿಸಿದ್ದು ಹಿರಿಯರಿಗೆ ಎದುರು ಮಾತಾಡಲಿಕ್ಕಲ್ಲ.

ಚಿಕ್ಕಪ್ಪ: ಅವನು ಸರಿಯಾಗೇ ಹೇಳುತ್ತಿದ್ದಾನೆ ಅಣ್ಣ. ತೋಟ ಭಾಗ ಮಾಡುವ ಪೋಡಿ ವಿಷಯದಲ್ಲೂ ನೀನು ಹೀಗೇ ಅಂದೆ.

ಸಾಗರದ ಅತ್ತೆ: ಪೋಡಿ ಇಲ್ಲಿ ಯಾಕೆ ಬಂತು?

ನಾನು: ಎದುರು ಮಾತಲ್ಲ ದೊಡ್ಡಪ್ಪ. ಅಜ್ಜನ ದನಿ ಉಳಿದಿರುವುದು ಅದೊಂದರಲ್ಲೇ, ಅಲ್ವಾ? ಅದು ಕೆಡಬಾರದು ಅಂತ ಹೇಳಿದೆ. ಈಗ ಕ್ಯಾಸೆಟ್ ಯಾರ ಹತ್ತಿರ ಇದೆ?

ಭಾವ: ಆ ವಿಸಿಆರ್ ಅಂಗಡಿ ಈಗ ಮೊಬೈಲ್ ಅಂಗಡಿ ಆಗಿದೆ, ಗೊತ್ತಾ?

ದೊಡ್ಡಪ್ಪ: ಕ್ಯಾಸೆಟ್ ನಮ್ಮ ಬೀರುವಿನಲ್ಲಿದೆ. ನನ್ನನ್ನು ಕೇಳದೆ ಯಾವ ಅಂಗಡಿಗೂ ಕೊಡಬಾರದು.

ಸಾಗರದ ಅತ್ತೆ: ಹೋದ ದೀಪಾವಳಿಗೆ ಕೇಳಿದಾಗ ಇಲ್ಲ ಅಂದಿದ್ದೆಯಲ್ಲ ಅಣ್ಣ!