ದೋಣಿಯ ಹೊದಿಕೆ ಮನೆಯಲ್ಲೇ ಹೊಲಿಯಲು ಯಾವ ಯಂತ್ರ, ಯಾವ ಬಟ್ಟೆ?

ಪಣಜಿಯಿಂದ ಪ್ರಶ್ನೆ:

ಮಾಂಡವಿಯಲ್ಲಿ ಕಟ್ಟಿರುವ ನಮ್ಮ ಹದಿನೆಂಟು ಅಡಿಯ ಫೈಬರ್ ದೋಣಿಗೆ ಬಿಸಿಲಿನ ಮೇಲ್ಕಟ್ಟು ಒಂದನ್ನೂ ಮಳೆಗಾಲದ ಹೊದಿಕೆ ಒಂದನ್ನೂ ನಾನೇ ಹೊಲಿಯಬೇಕೆಂದಿದ್ದೇನೆ. ತಾಯಿಯವರು ಹುಬ್ಬಳ್ಳಿಯಿಂದ ತಂದ, ಕಾಲಿನಿಂದ ತುಳಿಯುವ ಹಳೆಯ ಉಷಾ ಯಂತ್ರ ಮನೆಯಲ್ಲಿದೆ. ಅದು ಸಾಕಾದೀತೇ? ಬಟ್ಟೆ, ದಾರಗಳ ಬಗ್ಗೆಯೂ ಅನುಭವವುಳ್ಳವರು ತಿಳಿಸಬೇಕಾಗಿ ಕೋರುತ್ತೇನೆ.

ವಾಸ್ಕೋದಿಂದ ಉತ್ತರ:

ಯಂತ್ರದ ಯೋಚನೆಗೆ ಮುಂಚೆ ದಾರವನ್ನು ಗೊತ್ತುಮಾಡಿಕೊಳ್ಳಿ. ನಾನು ಹೊಲಿದ ಮೊದಲ ಹೊದಿಕೆಗೆ ಅಂಗಡಿಯಲ್ಲಿ ಸಿಕ್ಕಿದ ದಪ್ಪ ನೈಲಾನ್ ದಾರವನ್ನು ಬಳಸಿದ್ದೆ. ಎರಡನೆಯ ಬೇಸಗೆಯ ಹೊತ್ತಿಗೆ ಬಟ್ಟೆ ಹೊಸದರಂತೆಯೇ ಇದ್ದರೂ ಹೊಲಿಗೆಯ ಸಾಲುಗಳು ಬೆರಳಿನಿಂದ ಎಳೆದರೆ ಬಿಟ್ಟುಕೊಳ್ಳುತ್ತಿದ್ದವು. ನೈಲಾನ್ ಎಷ್ಟೇ ಬಲವಾಗಿದ್ದರೂ ನೇರಳಾತೀತ ಕಿರಣಗಳಿಗೆ ಬೇಗ ಸೋಲುತ್ತದೆ, ಹತ್ತಿಯ ದಾರವಂತೂ ನಮ್ಮ ಕರಾವಳಿಯ ತೇವಕ್ಕೆ ಕೊಳೆತೇ ಹೋಗುತ್ತದೆ. ಆದ್ದರಿಂದ ಬಿಸಿಲನ್ನು ತಡೆಯುವಂತೆ ಸಂಸ್ಕರಿಸಿದ ಬಾಂಡೆಡ್, ಅಂದರೆ ಎಳೆಗಳು ಬಿಚ್ಚಿಕೊಳ್ಳದಂತೆ ಲೇಪ ಕೊಟ್ಟ, ಪಾಲಿಯೆಸ್ಟರ್ ದಾರವನ್ನೇ ಕೊಳ್ಳಿ. ಅದರಲ್ಲಿ ವಿ-69 ಎಂಬ ದಪ್ಪಕ್ಕೆ 16ನೆಯ ನಂಬರಿನ ಸೂಜಿ, ವಿ-92ಕ್ಕೆ 18ನೆಯ ನಂಬರಿನ ಸೂಜಿ ಹೊಂದುತ್ತದೆ. ಮನೆಯ ಯಂತ್ರಗಳು ಸಾಮಾನ್ಯವಾಗಿ ಮೊದಲನೆಯದನ್ನು ತಕರಾರಿಲ್ಲದೆ ಹೊಲಿಯುತ್ತವೆ. ಎರಡನೆಯದಕ್ಕೆ ಕೆಲವು ಯಂತ್ರಗಳು ಮುನಿಸಿಕೊಳ್ಳುತ್ತವೆ.

ಇನ್ನು ನಿಮ್ಮ ಉಷಾ ಯಂತ್ರದ ವಿಷಯ. ಅದರ ಶಕ್ತಿಯ ಬಗ್ಗೆ ಅನುಮಾನ ಬೇಡ. ಎರಕದ ಕಬ್ಬಿಣದ ಆ ಕಪ್ಪು ಯಂತ್ರಗಳು, ಗಾಲಿಯನ್ನು ಕೈಯಿಂದ ತಿರುಗಿಸಿದರೆ, ನಾಲ್ಕು ಪದರ ಕ್ಯಾನ್ವಾಸನ್ನು ನಿಧಾನವಾಗಿಯಾದರೂ ಚುಚ್ಚುತ್ತವೆ. ತೊಂದರೆ ಬರುವುದು ಬಟ್ಟೆ ಸರಿಯುವ ರೀತಿಯಲ್ಲಿ. ಕೆಳಗಿನ ಹಲ್ಲುಗಳು ಅಡಿಯ ಪದರವನ್ನು ಮಾತ್ರ ಮುಂದಕ್ಕೆ ಎಳೆಯುತ್ತವೆ, ಮೇಲಿನ ಪದರವನ್ನು ಒತ್ತುಪಾದ ಹಿಂದಕ್ಕೆ ತಡೆಯುತ್ತದೆ. ಹೀಗಾಗಿ ಮೂರು ಮೀಟರಿನ ಅಂಚೊಂದನ್ನು ಹೊಲಿದು ಮುಗಿಸುವಷ್ಟರಲ್ಲಿ ಎರಡು ತುದಿಗಳು ಎರಡು ಬೆರಳಗಲ ಹೆಚ್ಚುಕಡಿಮೆಯಾಗಿರುತ್ತವೆ. ವಾಕಿಂಗ್ ಫೂಟ್ ಯಂತ್ರಗಳಲ್ಲಿ ಮೇಲಿನ ಪಾದವೂ ಬಟ್ಟೆಯೊಂದಿಗೆ ಹೆಜ್ಜೆ ಹಾಕುತ್ತದೆ. ಜೂಕಿ ಕಂಪನಿಯ 1541ರಂಥ ಕಾರ್ಖಾನೆ ಯಂತ್ರದಲ್ಲಿ ಸೂಜಿಯೂ ಬಟ್ಟೆಯೊಳಗಿದ್ದುಕೊಂಡೇ ಮುಂದೆ ಸಾಗುವುದರಿಂದ ಪದರಗಳು ಜಾರುವುದಿಲ್ಲ. ಆದರೆ ಅದು ಮೇಜಿನೊಂದಿಗೆ ಒಂದು ಕೋಣೆಯ ಮೂಲೆಯನ್ನೇ ನುಂಗುತ್ತದೆ, ಮನೆಯವರ ಒಪ್ಪಿಗೆಯೂ ಬೇಕಾಗುತ್ತದೆ. ಕೊಳ್ಳುವುದೇ ಆದರೆ ಕ್ಲಚ್ ಮೋಟರಿನದು ಬೇಡ, ಸರ್ವೋ ಮೋಟರಿನದನ್ನು ಆರಿಸಿ. ಮೊದಲನೆಯದು ಮುಟ್ಟಿದ ಕೂಡಲೇ ಓಡುತ್ತದೆ, ಎರಡನೆಯದು ಒಂದೊಂದೇ ಹೊಲಿಗೆಯನ್ನು ಹಾಕಬಲ್ಲದು.

ಎರಡು ಹೊದಿಕೆಗಳಿಗಾಗಿ ಅಷ್ಟು ಖರ್ಚು ಸಲ್ಲದೆಂಬುದು ನನ್ನ ಅಭಿಪ್ರಾಯ. ಎರಡು ಬದಿಗೂ ಅಂಟಿರುವ ಟೇಪಿನಿಂದ ಪದರಗಳನ್ನು ಮೊದಲೇ ಕೂಡಿಸಿಕೊಂಡು, ಹೊಲಿಗೆಯ ಉದ್ದವನ್ನು ಯಂತ್ರ ಕೊಡುವಷ್ಟು, ಅಂದರೆ ನಾಲ್ಕು ಮಿಲಿಮೀಟರಿನ ಆಸುಪಾಸಿಗೆ ಇಟ್ಟುಕೊಂಡರೆ, ಹಳೆಯ ಯಂತ್ರದಲ್ಲಿಯೇ ಮರ್ಯಾದೆಯ ಕೆಲಸವಾಗುತ್ತದೆ. ಮಳೆಗಾಲದಲ್ಲಿ ಅದರ ಚರ್ಮದ ಪಟ್ಟಿ ಹಿಗ್ಗಿ ಜಾರುತ್ತದೆ. ಜಾರಿದಾಗ ಯಂತ್ರವನ್ನು ಬೈಯದೆ ಪಟ್ಟಿಯನ್ನು ಒಂದು ಬೆರಳು ಕತ್ತರಿಸಿ ಬಿಗಿಮಾಡಿ.

ಮಡಗಾಂವಿನಿಂದ ಉತ್ತರ:

ಮೇಲಿನ ಮಾತಿಗೆ ನನ್ನದೊಂದು ತಿದ್ದುಪಡಿ ಇದೆ. ನೇರ ಅಂಚುಗಳಿಗೆ ಹಳೆಯ ಯಂತ್ರ ಸಾಕು, ನಿಜ. ಆದರೆ ಮಡಿಚಿದ ಹೊಲಿಗೆಯೊಂದು ಅಂಚಿನ ಪಟ್ಟಿಯನ್ನು ದಾಟುವ ಮೂಲೆಗಳಲ್ಲಿ ಆರರಿಂದ ಎಂಟು ಪದರಗಳು ಸೇರುತ್ತವೆ, ಅಲ್ಲಿ ನಾನು ಸೂಜಿಗಳನ್ನು ಮುರಿದದ್ದಕ್ಕೆ ಲೆಕ್ಕವಿಲ್ಲ. ಕೊನೆಗೆ ಕಾರಿನ ಸೀಟು ಹೊಲಿಯುವ ಗದಗದ ಕಡೆಯವರೊಬ್ಬರನ್ನು ಕೇಳಿಕೊಂಡೆ. ಅವರ ಬಳಿ ವಾಕಿಂಗ್ ಫೂಟ್ ಯಂತ್ರವಿತ್ತು. ಮೂಲೆಗಳನ್ನೆಲ್ಲ ಒಂದೇ ಮಧ್ಯಾಹ್ನದಲ್ಲಿ ಮುಗಿಸಿಕೊಟ್ಟರು.

ಮುಂಬೈಯಿಂದ ಉತ್ತರ:

ಬಟ್ಟೆಯ ಬಗ್ಗೆ ಯಾರೂ ಹೇಳದಿರುವುದರಿಂದ ಬರೆಯುತ್ತಿದ್ದೇನೆ. ಮೇಲ್ಕಟ್ಟಿಗೆ ಸನ್‌ಬ್ರೆಲ್ಲಾ ಎಂಬ ಬ್ರಾಂಡಿನಂಥ ಅಕ್ರಿಲಿಕ್ ಬಟ್ಟೆಯೇ ಸೂಕ್ತ. ನೂಲು ತೆಗೆಯುವ ಮೊದಲೇ ದ್ರಾವಣದಲ್ಲಿ ಬಣ್ಣ ಬೆರೆಸುವುದರಿಂದ ಅದು ಸುಲಭವಾಗಿ ಮಾಸುವುದಿಲ್ಲ. ಚದರ ಮೀಟರಿಗೆ ಸುಮಾರು 310 ಗ್ರಾಂ ತೂಗುವುದರಿಂದ ಮನೆಯ ಯಂತ್ರಕ್ಕೂ ಭಾರವಾಗದು. ಪಿವಿಸಿ ಲೇಪದ ತಾರ್ಪಾಲು ಅಗ್ಗ, ನೀರನ್ನು ಪೂರ್ತಿ ತಡೆಯುತ್ತದೆ, ಆದರೆ ಒಳಗಿನ ತೇವವನ್ನೂ ಹೊರಗೆ ಬಿಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಅದರಡಿಯಲ್ಲಿ ಮುಚ್ಚಿಟ್ಟ ನನ್ನ ದೋಣಿಯ ಮೆತ್ತೆಗಳು ಬೂಷ್ಟು ಹಿಡಿದು ಹಸಿರಾಗಿದ್ದವು. ತಾರ್ಪಾಲನ್ನೇ ಆರಿಸಿದರೆ ಗಾಳಿಕಂಡಿಗಳನ್ನು ಇಡಿ. ಬಟ್ಟೆ ಯಾವುದೇ ಇರಲಿ, ನಡುವೆ ಒಂದು ಬೆನ್ನುಗೋಲು ನಿಲ್ಲಿಸಿ ಇಳಿಜಾರು ಮಾಡದಿದ್ದರೆ ಕೊಂಕಣದ ಒಂದು ರಾತ್ರಿಯ ಮಳೆಗೆ ಹೊದಿಕೆಯ ಮೇಲೆ ಕೆರೆಯೇ ತುಂಬಿಕೊಳ್ಳುತ್ತದೆ.

ಜಿಪ್ಪಿಗೆ ಲೋಹದ ಹಲ್ಲು ಬೇಡ, ಅಚ್ಚು ಹಾಕಿದ ಪ್ಲಾಸ್ಟಿಕ್ ಹಲ್ಲಿನ 10ನೆಯ ನಂಬರಿನದನ್ನು ಕೊಳ್ಳಿ. ಎಳೆಯುವ ಗುಂಡಿಯೂ ಪ್ಲಾಸ್ಟಿಕ್ಕಿನದೇ ಇರಲಿ. ಒತ್ತುಗುಂಡಿ, ತಿರುಪುಗಳಿಗೆ 316 ದರ್ಜೆಯ ಸ್ಟೇನ್‌ಲೆಸ್ ಕೇಳಿ, ಏಕೆಂದರೆ 304ರ ಮೇಲೆ ಉಪ್ಪುಗಾಳಿಗೆ ಚಹಾದ ಬಣ್ಣದ ಕಲೆ ಬೇಗ ಬೀಳುತ್ತದೆ. ಅಕ್ರಿಲಿಕ್ ಕತ್ತರಿಸುವ ಮೊದಲು ಹಳೆಯ ಹಾಸುಹೊದಿಕೆಯೊಂದನ್ನು ದೋಣಿಯ ಮೇಲೆ ಎಳೆದು ಕಟ್ಟಿ, ಗುರುತು ಹಾಕಿ ಮಾದರಿ ತೆಗೆದುಕೊಳ್ಳಿ.